ಸಾವಕಾಶವಾಗಿ ಊಟ ಮಾಡಿ

ಈಚೆಗೆ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆವು. ಗೋಬಿ ಮಂಚೂರಿ, ಪಾನಿಪೂರಿಗಳ ಮುಂದೆ ನೂಕುನುಗ್ಗಲು. ತಟ್ಟೆ ಹಿಡಿದು ನಿಲ್ಲಲಾರದ ನನ್ನ ಅಕ್ಕ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದು, ಉಣ್ಣದೆಯೇ ಹಿಂದಿರುಗಿದಳು. ಮನೆಗೆ ಬಂದ ಮೇಲೆಯೇ ನನಗೂ ಅದು ತಿಳಿದದ್ದು.

ನಮ್ಮ ಹಳೆಯ ಮೈಸೂರು ಸೀಮೆಯ ಮದುವೆಯೂಟವೆಂದರೆ ಎಲೆಯ ತುಂಬ ಕೋಸಂಬರಿ, ಪಲ್ಯ, ಹುಳಿ. ಚಿರೋಟಿಗೆ ಸಕ್ಕರೆಪುಡಿ ಉದುರಿಸಿ ಬಾದಾಮಿ ಹಾಲು ಸುರಿದುಕೊಳ್ಳುವ ಸಡಗರ. ಭೂಮದ ಊಟದಲ್ಲಿ ವಧೂವರರು ಪರಸ್ಪರ ಸಿಹಿ ತಿನ್ನಿಸುವಾಗ ಬೀಗರ ನಗೆ. ರುಚಿಯ ಮಾತು ಹಾಗಿರಲಿ. ಯಜಮಾನರು ಕೈಮುಗಿದು "ಸಾವಕಾಶವಾಗಿ ಊಟ ಮಾಡಿ" ಎನ್ನುತ್ತ ಪಂಕ್ತಿಯುದ್ದಕ್ಕೂ ಬರುವಾಗ, ಯಾರ ಎಲೆ ಬರಿದಾಗಿದೆಯೆಂಬುದು ಅವರ ಕಣ್ಣಿಗೆ ಬೀಳುತ್ತಿತ್ತು.

ಆ ಪಂಕ್ತಿಯಲ್ಲಿ ಜಾತಿಭೇದವಿತ್ತೆಂಬುದನ್ನು ನಾನು ಮರೆತಿಲ್ಲ. ಸಹಪಾಠಿಯೊಬ್ಬನಿಗೆ ಹೊರಜಗಲಿಯಲ್ಲಿ ಬಡಿಸಿದಾಗ ನಾನು ಒಳಗೆ ಕುಳಿತು ಸುಮ್ಮನೆ ಉಂಡಿದ್ದೇನೆ. ಬಫೆಯು ಅದನ್ನು ಅಳಿಸಿತೆಂಬುದು ದೊಡ್ಡ ಮಾತೇ. ಆದರೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಲು ಈಗ ಅಡ್ಡಿಯೇನು? ಮಕ್ಕಳ ಮದುವೆ ಮಾಡಲಿರುವ ಶಿಷ್ಯರಲ್ಲಿ ನನ್ನ ಕೋರಿಕೆ: ನಾಲ್ಕು ತಿನಿಸು ಕಡಿಮೆ ಮಾಡಿ, ಒಂದು ಪಂಕ್ತಿ ಹಾಕಿಸಿ.

ವೈಶಾಖದಲ್ಲಿ ಇನ್ನೊಂದು ಮದುವೆಯಿದೆ. ಅಕ್ಕ ಚೀಲದಲ್ಲಿ ಅವಲಕ್ಕಿ ಕಟ್ಟಿಕೊಂಡೇ ಬರುವೆನೆನ್ನುತ್ತಾಳೆ.