ಪದಕ್ಕೆ ಮೊದಲಕ್ಷರ ಸಾಲದು

ಜಪಾನಿನಲ್ಲಿ ಹಾಡುಗಳ ಪಟ್ಟಿಯನ್ನು ಹೆಸರಿನ ಮೊದಲ ಅಕ್ಷರ ನೋಡಿ ಜೋಡಿಸುತ್ತಾರೆ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ. ನಮ್ಮ ವರ್ಣಮಾಲೆಯಂತೆ ಕಾಣುತ್ತದಲ್ಲ? ಆ ಕ್ರಮ ಬೌದ್ಧರ ಸಂಸ್ಕೃತ ಕಲಿಕೆಯ ಜೊತೆ ನಮ್ಮ ದೇಶದಿಂದಲೇ ಹೋದದ್ದು. ನಮ್ಮ ಭಜನೆ ಪುಸ್ತಕಗಳಲ್ಲೂ ಅಕಾರಾದಿ ಪಟ್ಟಿ ಇರುತ್ತದೆ. ಅಚ್ಚಾದ ಹಾಡಿಗೆ ಅದು ಸರಿ.

ಅಜ್ಜಿಯರ ಪದಕ್ಕೆ ಸರಿಹೋಗಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆ ಸುದ್ದಿಗೆ ಹೋದಾಗೆಲ್ಲ ಫೋನಿನಲ್ಲಿ ಪದ ರೆಕಾರ್ಡ್ ಮಾಡಿ, ಮೊದಲಕ್ಷರ ಹಾಕಿ ಇಟ್ಟಿದ್ದೆ. ಈಗ ತೆಗೆದರೆ ಬರೀ 'ಸು', 'ಸೋ'. ಕುಟ್ಟುವ ಪದ ಸುವ್ವಿ ಅಂತ, ಮದುವೆಯದು ಸೋಬಾನೆ ಅಂತ ಶುರುವಾದರೆ ಇನ್ನೇನಾದೀತು! ಹೂವು ಬಾಯಲ್ಲಿ 'ಊವು' ಆಗುತ್ತದೆ. ಹುಡುಕುವುದು 'ಹೂ' ಎಂದೋ, 'ಊ' ಎಂದೋ?

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದ ಬರುತ್ತಿದ್ದವು. ಕೃಷ್ಣಮೂರ್ತಿ ಹನೂರು ಕೂತು ಕೇಳಿ ಬರೆದುಕೊಂಡದ್ದರಿಂದ ಅವು ಪುಸ್ತಕವಾದವು.

ಯೂಟ್ಯೂಬಿಗೆ ಹಾಕುವ ತಮ್ಮಂದಿರೇ, ಅಜ್ಜಿಯ ಹೆಸರು, ಊರು, ಯಾವ ಕೆಲಸದ ಪದ, ಯಾವ ಶಾಸ್ತ್ರದ್ದು ಎಂಬುದನ್ನೂ ಕೇಳಿ ಬರೆಯಿರಿ. ನನ್ನ ಫೋನಿನಲ್ಲಿ ಒಂದು 'ಸು' ಇದೆ. ನವಣೆ ಕುಟ್ಟುವಾಗಿನದೋ, ಮದುವೆ ಅರಿಶಿನ ಕುಟ್ಟುವಾಗಿನದೋ, ಆಗ ಕೇಳಲಿಲ್ಲ. ಹಾಡಿದ ಅಜ್ಜಿ ಈಗಿಲ್ಲ. ಸೊಸೆಯನ್ನು ಕೇಳಿದೆ, ಆಕೆಗೂ ಗೊತ್ತಿಲ್ಲ.