ಯುವಿಕಾ: ಅರ್ಜಿ ತುಂಬಿದವರಿಗೆ ಶಾಲು ಯಾವಾಗ?

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. ಚಂದ್ರಯಾನ-3 ಇಳಿದ ನೆನಪಿಗೆ ವೇದಿಕೆ, ಭಾಷಣ, ಶಾಲು, ಹಾರ. ಇಸ್ರೋದ ಯುವಿಕಾ ಶಿಬಿರಕ್ಕೆ ಹೋಗಿ ಬಂದ ಮಕ್ಕಳಿದ್ದರೆ ಅವರಿಗೂ ಸನ್ಮಾನ. ತಪ್ಪೇನಿಲ್ಲ. ಆದರೆ ಆ ಮಕ್ಕಳನ್ನು ಅಲ್ಲೀತನಕ ಮುಟ್ಟಿಸಿದವರು ಹಿಂದಿನ ಕುರ್ಚಿಯಲ್ಲೇ ಉಳೀತಾರೆ.

ಯುವಿಕಾ ಶುರುವಾದದ್ದು 2019ರಲ್ಲಿ. 9ನೇ ತರಗತಿಯವರಿಗೆ ಬೇಸಿಗೆ ರಜೆಯಲ್ಲಿ ಎರಡು ವಾರದ ತರಬೇತಿ, ಖರ್ಚೆಲ್ಲ ಇಸ್ರೋದ್ದೇ. ಈಚಿನ ವರ್ಷಗಳ ಆಯ್ಕೆಯಲ್ಲಿ 8ನೇ ತರಗತಿ ಅಂಕಕ್ಕೆ ಶೇ 50, ಪಂಚಾಯಿತಿ ವ್ಯಾಪ್ತಿಯ ಶಾಲೆಯವರಿಗೆ ಶೇ 15 ತೂಕ ಕೊಟ್ಟಿದ್ದಾರೆ. ಉಳಿದದ್ದು ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಒಲಿಂಪಿಯಾಡ್, ಕ್ರೀಡೆ, ಸ್ಕೌಟ್ಸ್ ಇತ್ಯಾದಿ. ನಿಯಮ ನೋಡಿದರೆ ಹಳ್ಳಿ ಮಕ್ಕಳಿಗೆ ಬಾಗಿಲು ತೆಗೆದೇ ಇದೆ.

ಬಾಗಿಲ ತನಕ ಹೋಗೋದೇ ಕಷ್ಟ. ಮೊದಲು ಇಮೇಲ್ ಬೇಕು. ಕ್ವಿಜ್ ಮುಗಿಸಬೇಕು, ಮುಖ್ಯ ಶಿಕ್ಷಕರ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಹಾಕಬೇಕು. 2024, 2025ರಲ್ಲಿ ನೋಂದಣಿ ನಡೆದದ್ದು ಫೆಬ್ರುವರಿ-ಮಾರ್ಚ್‌ನಲ್ಲಿ, ಪರೀಕ್ಷೆಯ ಗಡಿಬಿಡಿಯ ನಡುವೆ. ನೆಟ್‌ವರ್ಕ್ ಸಿಗದ ಊರಲ್ಲಿ ತಮ್ಮ ಮೊಬೈಲ್‌ನಲ್ಲೇ ಇಮೇಲ್ ಮಾಡಿಕೊಡೋ ವಿಜ್ಞಾನ ಟೀಚರ್, ಅಂಗಡಿ ಮುಚ್ಚೋ ಹೊತ್ತಲ್ಲೂ ಸ್ಕ್ಯಾನ್ ಮಾಡಿಕೊಡೋ ಝೆರಾಕ್ಸ್‌ನವನು, ಮೇಳಕ್ಕೆ ಥರ್ಮಾಕೋಲ್ ರಾಕೆಟ್ ಹೊತ್ತ ಅಪ್ಪ. ಇವರಿಲ್ಲದೆ ಆ ಶೇ 15 ಸುಮ್ಮನೆ ಕಾಗದದ ಲೆಕ್ಕ.

ಅದರಲ್ಲೂ ಅತಿಥಿ ಶಿಕ್ಷಕರ ಕಥೆ ಬೇರೆ. ಮಾರ್ಚ್‌ನಲ್ಲಿ ಅರ್ಜಿ ತುಂಬಿಸಿದವರು ಆಗಸ್ಟ್‌ಗೆ ಅದೇ ಶಾಲೇಲಿ ಇರ್ತಾರೆ ಅನ್ನೋ ಖಾತ್ರಿ ಇಲ್ಲ. ಸನ್ಮಾನದ ಪಟ್ಟಿ ಬರೆಯೋರು ಒಮ್ಮೆ ಮಕ್ಕಳನ್ನೇ ಕೇಳಲಿ, ಅರ್ಜಿ ತುಂಬಿದ್ದು ಯಾರು ಅಂತ. ಆ ಹೆಸರಿನವರು ವರ್ಗವಾಗಿದ್ದರೆ ಫೋನ್ ಮಾಡಿ ಕರೆಸಲಿ. ಬಸ್ ಚಾರ್ಜ್ ಶಾಲಿಗಿಂತ ದುಬಾರಿ ಆಗೋದಿಲ್ಲ.