ಅಪ್ಪನ ಹೆಸರಿನ ಜಾಗದಲ್ಲಿ ಒಂದು ಗೆರೆ

ಸೋವಿಯತ್ ಒಕ್ಕೂಟ 1991ರಲ್ಲೇ ಮುಗಿಯಿತು. ಆದರೂ ಅಲ್ಲಿನ ತಾಯಂದಿರ ಮಾತೆತ್ತಿದರೆ ನಮ್ಮ ಕೆಲವು ಗೆಳೆಯರು ಟ್ರ್ಯಾಕ್ಟರ್ ಮೇಲೆ ಕೂತು ನಗುವ ಹೆಂಗಸಿನ ಚಿತ್ರವನ್ನೇ ಮುಂದಿಡುತ್ತಾರೆ. ಬಣ್ಣದ ಹಾಳೆಯ ಆ ನಗುವನ್ನು ನಾವೂ ನೋಡಿದ್ದೇವೆ. ಗೋರ್ಕಿಯ 'ತಾಯಿ'ಯನ್ನು ಕನ್ನಡದಲ್ಲೇ ಓದಿದ್ದೇವೆ. ನಾವು ಕೇಳುವುದಿಷ್ಟೆ: ಟ್ರ್ಯಾಕ್ಟರ್ ಇಳಿದು ಮನೆಗೆ ಹೋದ ಮೇಲೆ ಅವಳು ಏನು ಉಂಡಳು?

ಕೋಲ್ಖೋಜ್ ಎಂಬ ಸಾಮೂಹಿಕ ಬೇಸಾಯದಲ್ಲಿ ದಿನಗೂಲಿ ಇರಲಿಲ್ಲ. ದುಡಿದದ್ದಕ್ಕೆ ಪುಸ್ತಕದಲ್ಲೊಂದು ಗೀಟು. ಸುಗ್ಗಿ ಮುಗಿದು, ಸರ್ಕಾರದ ಪಾಲು ಹೋಗಿ, ಉಳಿದರೆ ಗೀಟಿಗಿಷ್ಟು ಕಾಳು. ಉಳಿಯದಿದ್ದರೆ ಗೀಟನ್ನೇ ನೆಕ್ಕಬೇಕು. ಜೀವ ಹಿಡಿದದ್ದು ಹಿತ್ತಿಲ ಆಲೂಗಡ್ಡೆ, ಒಂದು ಹಸು. ಆ ಹಸುವಿನ ಹಾಲಲ್ಲೂ 1957ರ ಕೊನೆಯವರೆಗೆ ಸರ್ಕಾರಕ್ಕೆ ಪಾಲು! ಹಸಿವು ತಾಳದೆ ಕೊಯ್ದ ಹೊಲದಲ್ಲಿ ಹಕ್ಕಲು ಆಯ್ದರೆ? 1932ರ ಆಗಸ್ಟ್ 7ರ ಕಾನೂನು ಕಾದಿತ್ತು. ಗುಂಡೇಟು, ಇಲ್ಲವೆ ಹತ್ತು ವರ್ಷ ಸೆರೆ. ಜನ ಅದಕ್ಕೆ 'ಐದು ತೆನೆ ಕಾನೂನು' ಅಂತ ಹೆಸರಿಟ್ಟರು. ಆ ವರ್ಷ, ಮರುವರ್ಷ ಉಕ್ರೇನ್, ಕಜಕಸ್ತಾನ, ವೋಲ್ಗಾ ಸೀಮೆಗಳಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತರು.

ಊರು ಬಿಡೋಣವೆಂದರೆ ಪಾಸ್‌ಪೋರ್ಟ್ ಬೇಕು. 1932ರ ಡಿಸೆಂಬರಿನಲ್ಲಿ ಪಟ್ಟಣದವರಿಗೆ ಅದು ಬಂತು. ಬಹುಪಾಲು ಕೋಲ್ಖೋಜ್ ರೈತರಿಗೆ ಬರಲಿಲ್ಲ. ಅವರಿಗೆ ಹಕ್ಕು ಸಿಕ್ಕಿದ್ದು 1974ರ ಆದೇಶದಿಂದ. ಅಪ್ಪಣೆ ಚೀಟಿಯಿಲ್ಲದೆ ಊರು ದಾಟಬಾರದು ಅನ್ನೋದಕ್ಕೆ ನಮ್ಮ ಹಟ್ಟಿಗಳಲ್ಲಿ ಏನಂತಾರೆ ಅಂತ ನಾವು ಹೇಳಿಕೊಡಬೇಕೇನ್ರೀ?

ಮಹಾಯುದ್ಧ ಆ ನಾಡಿನ ಸುಮಾರು 2 ಕೋಟಿ 70 ಲಕ್ಷ ಜೀವ ನುಂಗಿತು. ಎತ್ತು, ಕುದುರೆ, ಗಂಡಸರು ಇಲ್ಲದ ಹಳ್ಳಿಗಳಲ್ಲಿ ಹೆಂಗಸರೇ ನೇಗಿಲಿಗೆ ಹೆಗಲು ಕೊಟ್ಟರು. 1944ರ ಜುಲೈ 8ರಂದು ಸರ್ಕಾರ ಆದೇಶ ಹೊರಡಿಸಿತು: ಹತ್ತು ಮಕ್ಕಳನ್ನು ಹೆತ್ತು ಸಾಕಿದವಳಿಗೆ 'ವೀರಮಾತೆ' ಬಿರುದು. ಅದೇ ಆದೇಶದ ಇನ್ನೊಂದು ಕಲಮನ್ನು ಯಾರೂ ಓದಿ ಹೇಳುವುದಿಲ್ಲ. ಮದುವೆಯಿಲ್ಲದೆ ತಾಯಾದವಳು ಮಗುವಿನ ತಂದೆಯನ್ನು ಕೋರ್ಟಿಗೆ ಎಳೆಯುವಂತಿಲ್ಲ, ಜೀವನಾಂಶ ಕೇಳುವಂತಿಲ್ಲ. ಜನನಪತ್ರದಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಬರೀ ಗೆರೆ. ಅವಳಿಗೊಂದಿಷ್ಟು ಭತ್ಯೆ ಕೊಟ್ಟರು, ನಿಜ. ಗಂಡಸಿಗೆ ಪೂರ್ತಿ ಮಾಫಿ ಕೊಟ್ಟರು. ಎಲ್ಲ ಮಕ್ಕಳೂ ಸಮ ಅಂತ 1918ರಲ್ಲಿ ಕಾನೂನು ಮಾಡಿದ್ದು ಇದೇ ಕ್ರಾಂತಿಯಲ್ಲವೆ? ಆ ಗೆರೆ ಅಳಿಸಲು 1968ರ ಕುಟುಂಬ ಕಾನೂನು ಬರಬೇಕಾಯಿತು. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ದಾಖಲಾತಿಯ ದಿನ ದೇವದಾಸಿಯ ಮಗನನ್ನು "ಅಪ್ಪನ ಹೆಸರೇನೋ?" ಅಂತ ಕೇಳಿದ್ದೀರಲ್ಲ, ಆ ಗೆರೆಯ ಭಾರ ನಿಮಗೆ ಗೊತ್ತು.

ಇದನ್ನೆಲ್ಲ ಆಡಿದರೆ ಬಂಡವಾಳಶಾಹಿಗೆ ಅನುಕೂಲ ಅಂತೀರಿ. ಅಲ್ಲಿ ಅಕ್ಷರ ಕೊಟ್ಟರು, ಆಸ್ಪತ್ರೆ ಕಟ್ಟಿದರು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾಹುಕಾರನ ಮನೆ ಮರ್ಯಾದೆ ಹೋಗುತ್ತೆ, ಹಸಿದದ್ದನ್ನು ಹೊರಗೆ ಆಡಬೇಡ ಅಂದವರನ್ನೂ ನಾವು ಕಂಡಿದ್ದೇವೆ. ಅಧ್ಯಯನ ಶಿಬಿರಗಳಲ್ಲಿ ಉಕ್ಕಿನ ಉತ್ಪಾದನೆಯ ಅಂಕಿ ಓದುವವರು ಇನ್ನು ಮುಂದೆ ಈ 1944ರ ಆದೇಶವನ್ನೂ ಎದ್ದು ನಿಂತು ಓದಲಿ. ಎರಡೂ ಕಲಮುಗಳನ್ನು.